ಪದಬಂಧವೋ, ವಾಕಿಂಗೋ, ಚೌಕಾಬಾರವೋ: ಅರವತ್ತರ ಮೇಲೆ ಮೆದುಳಿಗೆ ಯಾವುದು ಒಳ್ಳೆಯದು?

ನಿವೃತ್ತಿಯಾದ ಮೊದಲ ತಿಂಗಳು ಹೇಗೋ ಕಳೆಯುತ್ತದೆ. ಬ್ಯಾಂಕು, ಪೆನ್ಷನ್ ಕಾಗದ, ವರ್ಷಗಟ್ಟಲೆ ಮುಂದೂಡಿದ್ದ ನೆಂಟರ ಮನೆ, ಎಲ್ಲ ಮುಗಿಯುತ್ತದೆ. ಆಮೇಲೆ ಪೇಪರ್ ಪೂರ್ತಿ ಓದಿ ಗಡಿಯಾರ ನೋಡಿದರೆ ಇನ್ನೂ ಒಂಬತ್ತು ಗಂಟೆ. ಬೇರೆ ಊರಲ್ಲಿರುವ ಮಗ ಫೋನ್ ಮಾಡಿ "ಅಪ್ಪಾ, ಸುಮ್ನೆ ಕೂರಬೇಡಿ, ದಿನಾ ಸುಡೊಕು ಮಾಡಿ" ಅನ್ನುತ್ತಾನೆ. ಮಗಳು ಮೆದುಳಿನ ವ್ಯಾಯಾಮದ ಆ್ಯಪ್ ಹಾಕಿಕೊಡುತ್ತಾಳೆ. ಪಾರ್ಕಿನ ಗೆಳೆಯರು ನಗೆಕೂಟಕ್ಕೆ ಕರೆಯುತ್ತಾರೆ. ಅಮ್ಮನಿಗೆ ಏನು ಬೇಕು ಅಂತ ಯಾರೂ ಕೇಳುವುದಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಈ ಸಲಹೆಗಳ ಹಿಂದಿರುವ ಭಯ ಒಂದೇ, ಮರೆವಿನದು. ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ (ನೆನಪು, ಯೋಚನಾ ಶಕ್ತಿ ಕುಂದುತ್ತಾ ಹೋಗುವ ಕಾಯಿಲೆ) ಇದೆ ಎಂದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನ ಅಂದಾಜು ಮಾಡಿದೆ. "ಅರವತ್ತಕ್ಕೆ ಅರಳು ಮರಳು" ಅಂತ ಗಾದೆ ಹೇಳಿ ಸುಮ್ಮನಾಗುವಂತಿಲ್ಲ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗದ 2024ರ ವರದಿ 14 ಅಪಾಯಗಳ ಪಟ್ಟಿ ಕೊಟ್ಟಿತು. ಅವನ್ನೆಲ್ಲ ನಿವಾರಿಸಲು ಸಾಧ್ಯವಾದರೆ ಡಿಮೆನ್ಷಿಯಾದ ಶೇ 45ರಷ್ಟನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಎಂಬುದು ಅದರ ಲೆಕ್ಕ. ಬಿಪಿ, ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್ ಆ ಪಟ್ಟಿಯಲ್ಲಿವೆ. ಅವಕ್ಕೆ ಡಾಕ್ಟರು ಇದ್ದಾರೆ. ಮೈ ಆಡಿಸದೆ ಕೂರುವುದು, ಜನರಿಂದ ದೂರವಾಗುವುದು, ಕಿವಿ ಮಂದವಾಗುವುದು ಕೂಡ ಅದೇ ಪಟ್ಟಿಯಲ್ಲಿವೆ. ದಿನದ ಬಿಡುವನ್ನು ಹೇಗೆ ಕಳೆಯುತ್ತೇವೆ ಅನ್ನುವುದು ಲೆಕ್ಕಕ್ಕೆ ಬರುವುದು ಅಲ್ಲೇ.

ಹೋಲಿಸುವ ಮೊದಲು

"ಪುಸ್ತಕ ಓದುವವರಿಗೆ ಮರೆವು ಬರುವುದಿಲ್ಲ" ಎಂಬಂಥ ಸುದ್ದಿ ಆಗಾಗ ಬರುತ್ತದೆ. ಓದಿ ಖುಷಿಪಡುವ ಮೊದಲು ಒಂದು ಪ್ರಶ್ನೆ ಹಾಕಿಕೊಳ್ಳಿ. ಓದು ಬಿಟ್ಟಿದ್ದರಿಂದ ಮರೆವು ಬಂತೋ, ಮರೆವು ಒಳಗೊಳಗೇ ಶುರುವಾಗಿದ್ದರಿಂದ ಓದು ಬಿಟ್ಟುಹೋಯಿತೋ? ಡಿಮೆನ್ಷಿಯಾ ಗೊತ್ತಾಗುವ ಎಷ್ಟೋ ವರ್ಷ ಮೊದಲೇ ಮೆದುಳಿನಲ್ಲಿ ಬದಲಾವಣೆ ಶುರುವಾಗಿರುತ್ತದೆ. ಬ್ರಿಟನ್ನಿನ ಸರ್ಕಾರಿ ನೌಕರರನ್ನು ಗಮನಿಸುತ್ತಾ ಬಂದಿರುವ ವೈಟ್‌ಹಾಲ್ ಅಧ್ಯಯನ ಎಂಟು ಸಾವಿರಕ್ಕೂ ಜಾಸ್ತಿ ಜನರನ್ನು ಸರಾಸರಿ 18 ವರ್ಷ ಹಿಂಬಾಲಿಸಿ 2020ರಲ್ಲಿ ಫಲಿತಾಂಶ ಹೇಳಿತು. ಐವತ್ತಾರರ ಆಸುಪಾಸಿನಲ್ಲಿ ಹವ್ಯಾಸ ಎಷ್ಟಿತ್ತು ಅನ್ನುವುದಕ್ಕೂ ಮುಂದೆ ಡಿಮೆನ್ಷಿಯಾ ಬರುವುದಕ್ಕೂ ನಂಟು ಕಾಣಲಿಲ್ಲ. ಇದ್ದ ಹವ್ಯಾಸಗಳು ಒಂದೊಂದಾಗಿ ಕಡಿಮೆಯಾಗುತ್ತಾ ಹೋದವರಲ್ಲಿ ಮಾತ್ರ ಕಾಣಿಸಿತು.

ಇದರಿಂದ ನನಗೆ ಎರಡು ವಿಷಯ ತಿಳಿಯುತ್ತದೆ. ಯಾವ ಆಟವೂ ಲಸಿಕೆಯಲ್ಲ. ಮತ್ತೆ, ದಿನಾ ಪದಬಂಧ ತುಂಬುತ್ತಿದ್ದ ಅಪ್ಪ, ತಪ್ಪದೆ ಭಜನೆಗೆ ಹೋಗುತ್ತಿದ್ದ ಅತ್ತೆ ಕಾರಣವಿಲ್ಲದೆ ನಿಲ್ಲಿಸಿದರೆ "ವಯಸ್ಸಾಯ್ತಲ್ಲ" ಅಂತ ಬಿಡಬಾರದು. ಯಾಕೆ ಅಂತ ಕೇಳಬೇಕು.

ಇನ್ನೊಂದು ಮಾತು. ಇಲ್ಲಿ ಹೇಳುವ ಅಧ್ಯಯನಗಳು ಹೆಚ್ಚಿನವು ಅಮೆರಿಕ, ಯುರೋಪಿನವು. ನಮ್ಮಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಟ್ಟಲೆ ಗಮನಿಸುವ ಕೆಲಸ ನಡೆಸುತ್ತಿದೆ. ಹತ್ತು ಸಾವಿರ ಜನರನ್ನು ಸೇರಿಸಿಕೊಳ್ಳುವುದು ಅದರ ಗುರಿ. ನಮ್ಮ ಹಳ್ಳಿ ಜನರ ಮೆದುಳಿನ ಬಗ್ಗೆ ಗಟ್ಟಿಯಾಗಿ ಮಾತಾಡಲು ಅಂಥ ಕೆಲಸವೇ ಬೇಕು.

ಹಾಗಾದರೆ ಯಾವುದನ್ನು ನೋಡಿ ಆರಿಸುವುದು? ನಾನು ನೋಡುವುದು ಇಷ್ಟು: ಮೈ ಆಡುತ್ತದೆಯೇ, ಇನ್ನೊಬ್ಬರು ಜೊತೆಗಿದ್ದಾರೆಯೇ, ಸ್ವಲ್ಪ ಕಷ್ಟಪಟ್ಟು ಕಲಿಯಬೇಕೇ. ಮೂರೂ ಒಟ್ಟಿಗಿದ್ದರೆ ತುಂಬಾ ಒಳ್ಳೆಯದು, ಎರಡಿದ್ದರೂ ಸಾಕು. ಇವೆಲ್ಲದಕ್ಕಿಂತ ದೊಡ್ಡ ಪ್ರಶ್ನೆ ಮಳೆಗಾಲದ ಮಂಗಳವಾರ ಸಂಜೆಯೂ ಅದು ನಡೆಯುತ್ತದೆಯೇ ಅನ್ನುವುದು.

ವಾಕಿಂಗ್ ಮತ್ತು ಕೂತು ಆಡುವ ಆಟ

ಎರಡರಲ್ಲಿ ಒಂದನ್ನೇ ಆರಿಸಬೇಕು ಅಂದರೆ ವಾಕಿಂಗ್. ಮೆದುಳಿನ ಮಾತು ಬಂದಾಗ ಜನ ಕಾಲನ್ನು ಮರೆಯುತ್ತಾರೆ. ಆದರೆ ಒಳ್ಳೆಯ ಪುರಾವೆ ಇರುವುದು ಆ ಕಡೆಗೇ.

2011ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ 120 ಹಿರಿಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ವಾರಕ್ಕೆ ಮೂರು ದಿನ, 40 ನಿಮಿಷದ ತನಕ ಬಿರುಸಾಗಿ ನಡೆಯಿತು. ಇನ್ನೊಂದು ಗುಂಪು ಕೈಕಾಲು ಸಡಿಲಿಸುವ ವ್ಯಾಯಾಮ ಮಾಡಿತು. ಒಂದು ವರ್ಷದ ಮೇಲೆ ನೋಡಿದರೆ, ನಡೆದವರಲ್ಲಿ ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಭಾಗ ಸುಮಾರು ಶೇ 2ರಷ್ಟು ದೊಡ್ಡದಾಗಿತ್ತು. ಇನ್ನೊಂದು ಗುಂಪಿನಲ್ಲಿ, ಆ ವಯಸ್ಸಿಗೆ ಆಗುವಂತೆ, ಕುಗ್ಗಿತ್ತು.

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಅಂತ ಹೆದರಿಸುವವರಿಗೆ 2022ರ ಬ್ರಿಟನ್ನಿನ ಲೆಕ್ಕ ತೋರಿಸಿ. 78 ಸಾವಿರಕ್ಕೂ ಜಾಸ್ತಿ ಜನರ ಕೈಗೆ ಅಳೆಯುವ ಸಾಧನ ಕಟ್ಟಿ ನೋಡಿದಾಗ ದಿನಕ್ಕೆ ಸುಮಾರು 9,800 ಹೆಜ್ಜೆ ಹಾಕುವವರಲ್ಲಿ ಡಿಮೆನ್ಷಿಯಾ ಅಪಾಯ ಅರ್ಧದಷ್ಟು ಕಡಿಮೆ ಕಂಡಿತು. ಆದರೆ 3,800ರ ಆಸುಪಾಸು ಹೆಜ್ಜೆ ಹಾಕಿದವರಲ್ಲೂ ಕಾಲು ಭಾಗ ಕಡಿಮೆಯಿತ್ತು. ಅಷ್ಟು ಹೆಜ್ಜೆ ಬೆಳಿಗ್ಗೆ ಹಾಲಿಗೆ, ಸಂಜೆ ತರಕಾರಿಗೆ ಹೋಗಿ ಬಂದು, ಮನೆಯೊಳಗೆ ಓಡಾಡಿದರೆ ಬಹಳ ಜನರಿಗೆ ಆಗಿಬಿಡುತ್ತದೆ. ಸ್ಕೂಟರ್ ಬಿಡಬೇಕು ಅಷ್ಟೆ.

ನಮ್ಮ ಪೇಟೆಗಳ ಫುಟ್‌ಪಾತ್ ಮೇಲೆ ನಡೆಯುವುದು ಅಪಾಯ, ಒಪ್ಪುತ್ತೇನೆ. ಕಿತ್ತ ಚಪ್ಪಡಿಗೆ ಕಾಲು ತಗುಲಿ ಸೊಂಟ ಮುರಿದರೆ ಎಲ್ಲ ಲಾಭವೂ ಒಂದೇ ದಿನ ಹೋಗುತ್ತದೆ. ಪಾರ್ಕು, ಶಾಲೆಯ ಮೈದಾನ, ದೇವಸ್ಥಾನದ ಪ್ರಾಕಾರ, ಅದೂ ಇಲ್ಲದಿದ್ದರೆ ತಾರಸಿ. ಹಿಂಬದಿ ಪಟ್ಟಿ ಇರುವ ಚಪ್ಪಲಿ ಅಥವಾ ಶೂ. ಇನ್ನೊಬ್ಬರು ಜೊತೆಗಿರಲಿ. ಮಾತಾಡುತ್ತಾ ನಡೆದರೆ ಮೈಗೂ ಆಯಿತು, ಜನರ ಒಡನಾಟವೂ ಆಯಿತು. ಕಿವಿಗೆ ಇಯರ್‌ಫೋನ್ ತುರುಕಿಕೊಂಡು ಪ್ರವಚನ ಕೇಳುತ್ತಾ ನಡೆಯುವವರು ಅರ್ಧ ಲಾಭ ಬಿಟ್ಟುಕೊಡುತ್ತಾರೆ ಅಂತ ನನ್ನ ಲೆಕ್ಕ. ಜೊತೆಗೆ ಹಿಂದೆ ಬರುವ ಬೈಕೂ ಕೇಳಿಸುವುದಿಲ್ಲ.

ಪದಬಂಧ, ಸುಡೊಕು, ಆ್ಯಪ್

ಮೂರನ್ನೂ ಒಂದೇ ಸಾಲಿಗೆ ಹಾಕುತ್ತಾರೆ, ಆದರೆ ಮೂರೂ ಒಂದೇ ಅಲ್ಲ.

ಸುಡೊಕುವಿನ ತೊಂದರೆ ಏನೆಂದರೆ, ದಿನಾ ಮಾಡಿದರೆ ಸುಡೊಕು ಚೆನ್ನಾಗಿ ಬರುತ್ತದೆ. ಆದರೆ ಅದರಿಂದ ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಅನ್ನುವುದು ನೆನಪಿರುತ್ತದೆ ಅಂತ ಹೇಳಲಾಗದು. ಒಂದೇ ಮಟ್ಟದ ಒಗಟನ್ನು ವರ್ಷಗಟ್ಟಲೆ ಬಿಡಿಸಿದರೆ ಕೈ ತಾನಾಗಿ ಓಡುತ್ತದೆ, ತಲೆಗೆ ಕೆಲಸ ಇರುವುದಿಲ್ಲ. ಸುಲಭ ಅನ್ನಿಸಿದ ದಿನವೇ ಕಠಿಣ ಮಟ್ಟಕ್ಕೆ ಹೋಗಬೇಕು.

ಪದಬಂಧ ಸ್ವಲ್ಪ ಮೇಲು. ಮೂರಕ್ಷರದ ಜಾಗಕ್ಕೆ ಎಲ್ಲೋ ಅಡಗಿ ಕೂತ ಪದ ಹುಡುಕಬೇಕು. ಸುಳಿವು "ಕಮಲ" ಅಂದಿರುತ್ತದೆ. ಪದ್ಮ ಸಾಲದು, ಪಂಕಜ ಕೂರುತ್ತದೆ, ಆದರೆ ಅಡ್ಡಸಾಲಿನಿಂದ ಬಂದ ಅಕ್ಷರ "ನ". ಆಗ ನಳಿನ ನೆನಪಾಗಬೇಕು. 2022ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಸಣ್ಣ ಪ್ರಮಾಣದ ಮರೆವು ಶುರುವಾಗಿದ್ದ 107 ಜನರಿಗೆ ಅರ್ಧದವರಿಗೆ ಪದಬಂಧ, ಉಳಿದವರಿಗೆ ಕಂಪ್ಯೂಟರ್ ಮೆದುಳಿನಾಟ ಕೊಟ್ಟರು. 78 ವಾರದ ಕೊನೆಗೆ ಪದಬಂಧದವರೇ ಮುಂದಿದ್ದರು. ಸಂಶೋಧಕರು ನಿರೀಕ್ಷಿಸಿದ್ದು ಉಲ್ಟಾ. ಚಿಕ್ಕ ಪ್ರಯೋಗ ನಿಜ. ಆದರೂ ಎರಡು ರೂಪಾಯಿ ಪೆನ್ಸಿಲ್ಲಿನ ಪದಬಂಧ ದುಬಾರಿ ಆಟಕ್ಕಿಂತ ಕಡಿಮೆಯೇನಲ್ಲ ಅನ್ನಲು ಸಾಕು.

ಆ್ಯಪ್‌ಗಳ ಕಥೆಯಲ್ಲಿ ಎರಡು ಮುಖ ಇವೆ. 2016ರಲ್ಲಿ ಲುಮೋಸಿಟಿ ಆಟಗಳ ಕಂಪನಿ, ವಯಸ್ಸಿನ ಮರೆವನ್ನು ತಡೆಯುತ್ತೇವೆ ಎಂಬಂಥ ಆಧಾರವಿಲ್ಲದ ಜಾಹೀರಾತಿನ ದೂರಿಗೆ ಅಮೆರಿಕದ ವ್ಯಾಪಾರ ಆಯೋಗಕ್ಕೆ 20 ಲಕ್ಷ ಡಾಲರ್ ಕಟ್ಟಲು ಒಪ್ಪಿತು. ಇನ್ನೊಂದು ಕಡೆ, ಅದೇ ದೇಶದ 'ಆ್ಯಕ್ಟಿವ್' ಎಂಬ ದೊಡ್ಡ ಪ್ರಯೋಗದಲ್ಲಿ 2,832 ಹಿರಿಯರಿಗೆ ಮೂರು ಬಗೆಯ ತರಬೇತಿ ಕೊಟ್ಟಿದ್ದರು: ನೆನಪಿನದು, ತರ್ಕದ್ದು, ಕಣ್ಣಿಗೆ ಕಂಡದ್ದನ್ನು ಬೇಗ ಗುರುತಿಸುವ ವೇಗದ್ದು. ಹತ್ತು ವರ್ಷದ ಮೇಲೆ ವೇಗದ ತರಬೇತಿ ಪಡೆದವರಲ್ಲಿ ಡಿಮೆನ್ಷಿಯಾ ಶೇ 29ರಷ್ಟು ಕಡಿಮೆ ಎಂದು 2017ರಲ್ಲಿ ವರದಿಯಾಯಿತು. ನೆನಪಿನ ತರಬೇತಿಯವರಲ್ಲಿ ಅಂಥ ಲಾಭ ಕಾಣಲಿಲ್ಲ. ಅಂದರೆ ಆ್ಯಪ್ ಎಂದರೆ ಎಲ್ಲವೂ ಮೋಸ ಅಲ್ಲ. ಆದರೆ ನೀವು ಫೋನಿಗೆ ಇಳಿಸಿಕೊಂಡ, ನಡುನಡುವೆ ಜಾಹೀರಾತು ತೋರಿಸುವ ಬಣ್ಣದ ಗೋಲಿ ಆಟ ಆ ತರಬೇತಿಯಲ್ಲ. ವರ್ಷದ ಚಂದಾ ಕಟ್ಟುವ ಮೊದಲು ಆ ದುಡ್ಡಿಗೆ ಒಂದು ಜೊತೆ ಒಳ್ಳೆಯ ಶೂ ಬರುತ್ತದಾ ನೋಡಿ.

ಚೌಕಾಬಾರ, ಅಳಗುಳಿಮಣೆ, ಇಸ್ಪೀಟು

ಒಬ್ಬರೇ ಕೂತು ಬಿಡಿಸುವ ಒಗಟಿಗಿಂತ ಎದುರಿಗೆ ಮನುಷ್ಯ ಇರುವ ಆಟವನ್ನೇ ನಾನು ಆರಿಸುತ್ತೇನೆ. ಕಾರಣ ಹೇಳುತ್ತೇನೆ.

ಚೌಕಾಬಾರ ತೆಗೆದುಕೊಳ್ಳಿ. ಸೀಮೆಸುಣ್ಣದಲ್ಲಿ ಐದೈದು ಮನೆ, ನಾಲ್ಕು ಕವಡೆ, ತಲೆಗೆ ನಾಲ್ಕು ಕಾಯಿ. ಕವಡೆ ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಮಗುಚಿದರೆ ಬಾರ, ಎಂಟು. ಈಗ ನಿಮಗೆ ಮೂರು ಬಿತ್ತು ಅನ್ನಿ. ಒಂದು ಕಾಯಿಯನ್ನು ಮೂರು ಮನೆ ನಡೆಸಿದರೆ ಕಟ್ಟೆ ಸೇರುತ್ತದೆ, ಅಲ್ಲಿ ಯಾರೂ ಮುಟ್ಟುವಂತಿಲ್ಲ. ಇನ್ನೊಂದನ್ನು ನಡೆಸಿದರೆ ಮೊಮ್ಮಗನ ಕಾಯಿಯನ್ನು ಹೊಡೆಯಬಹುದು. ಒಂದಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ. ಆದರೆ ಹೊಡೆದ ಮೇಲೆ ನಿಮ್ಮ ಕಾಯಿ ಬಯಲಲ್ಲಿ ನಿಂತಿರುತ್ತದೆ, ಎರಡೇ ಮನೆ ಹಿಂದೆ ಸೊಸೆಯ ಕಾಯಿ ಕಾದಿದೆ. ಎರಡು ಬೀಳುವ ಸಾಧ್ಯತೆ ಎಷ್ಟು? ಇಷ್ಟೂ ಲೆಕ್ಕ ಕವಡೆ ನೆಲಕ್ಕೆ ಬಿದ್ದು, "ನಡೆಸಜ್ಜಿ ಬೇಗ" ಅನ್ನುವಷ್ಟರಲ್ಲಿ ತಲೆಯೊಳಗೆ ಆಗಬೇಕು. ನಗು, ಜಗಳ, ಮೋಸ ಹಿಡಿಯುವುದು ಬೇರೆ. ಇದನ್ನು ಯಾವ ಆ್ಯಪ್ ಕೊಡುತ್ತದೆ ಹೇಳಿ.

ಅಳಗುಳಿಮಣೆ ಇನ್ನೂ ಒಂದು ಕೈ ಮೇಲು. ಎರಡು ಸಾಲಿನಲ್ಲಿ ಹದಿನಾಲ್ಕು ಗುಳಿ, ಹುಣಸೆ ಬೀಜ. ಒಂದು ಗುಳಿಯಿಂದ ಎತ್ತಿ ಒಂದೊಂದೇ ಹಂಚುತ್ತಾ ಹೋಗಬೇಕು. ಕೈ ಬರಿದಾದಾಗ ಮುಂದಿನ ಗುಳಿಯಿಂದ ಮತ್ತೆ ಎತ್ತಬೇಕು. ಬರಿಗುಳಿ ಸಿಕ್ಕರೆ ಅದರಾಚೆಯದು ನಿಮ್ಮದು. ನನ್ನ ದೊಡ್ಡಮ್ಮ ಶಾಲೆ ಮೆಟ್ಟಿಲು ಹತ್ತಿದವರಲ್ಲ. ಯಾವ ಗುಳಿಯಿಂದ ಎತ್ತಿದರೆ ಎಲ್ಲಿ ಹೋಗಿ ನಿಲ್ಲುತ್ತದೆ ಅನ್ನುವುದನ್ನು ಬೆರಳಿಡದೆ, ಬರೀ ಕಣ್ಣಲ್ಲೇ ಎರಡು ಸುತ್ತು ಮುಂದಿನ ತನಕ ನೋಡಿಬಿಡುತ್ತಿದ್ದರು. ಇಂಜಿನಿಯರಿಂಗ್ ಓದಿದವರು ಅವರೆದುರು ಸೋತು ಏಳುತ್ತಿದ್ದರು. ಓದು ಬರಹ ಬಾರದ ಹಿರಿಯರಿಗೆ ಪದಬಂಧ ಕೊಡಲಾಗದು, ಇದನ್ನು ಕೊಡಬಹುದು. ಕರಾವಳಿಯವರಿಗೆ ಇದೇ ಚೆನ್ನೆಮಣೆ. ಅದನ್ನು ಆಟಿ ತಿಂಗಳಿಗೆ ಮಾತ್ರ ಯಾಕೆ ಮೀಸಲಿಡಬೇಕು?

ಪುರಾವೆ ಏನು ಹೇಳುತ್ತದೆ? ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 75 ದಾಟಿದ 469 ಜನರನ್ನು ಸುಮಾರು ಐದು ವರ್ಷ ಗಮನಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಬಹಳ ಹೆಸರಾದದ್ದು. ಬೋರ್ಡ್ ಆಟ ಇಲ್ಲವೇ ಇಸ್ಪೀಟು, ಓದು, ವಾದ್ಯ ನುಡಿಸುವುದು, ನೃತ್ಯ, ಈ ನಾಲ್ಕು ಇದ್ದವರಲ್ಲಿ ಡಿಮೆನ್ಷಿಯಾ ಕಡಿಮೆ ಕಂಡಿತು. ಪದಬಂಧದ ಲಾಭ ಅಲ್ಲಿ ಗಟ್ಟಿಯಾಗಿ ಸಾಬೀತಾಗಲಿಲ್ಲ. ಫ್ರಾನ್ಸಿನಲ್ಲಿ ಮೂರೂವರೆ ಸಾವಿರಕ್ಕೂ ಜಾಸ್ತಿ ಜನರನ್ನು 20 ವರ್ಷ ನೋಡಿದಾಗ ಬೋರ್ಡ್ ಆಟ ಆಡುವವರಲ್ಲಿ ಅಪಾಯ ಶೇ 15ರಷ್ಟು ಕಡಿಮೆ ಇತ್ತು. ಆದರೆ ಮೊದಲೇ ಇದ್ದ ನೆನಪಿನ ಶಕ್ತಿ ಮತ್ತು ಖಿನ್ನತೆಯನ್ನು ಲೆಕ್ಕಕ್ಕೆ ತಂದ ಮೇಲೆ ಆ ವ್ಯತ್ಯಾಸ ಹೆಚ್ಚುಕಮ್ಮಿ ಕರಗಿತು. ಹಾಗಾಗಿ ಆಟ ಕಾಪಾಡುತ್ತದೆ ಅಂತ ಬರೆದುಕೊಡಲಾರೆ. ಮಧ್ಯಾಹ್ನ ಎರಡು ಗಂಟೆ ನಾಲ್ಕು ಜನ ಒಟ್ಟಿಗೆ ಕೂರುವುದು ಒಂಟಿಯಾಗಿ ಗೋಡೆ ನೋಡುವುದಕ್ಕಿಂತ ಒಳ್ಳೆಯದು ಅನ್ನುವುದಕ್ಕೆ ಮಾತ್ರ ಯಾವ ಅಧ್ಯಯನವೂ ಬೇಡ.

ಇಸ್ಪೀಟಿಗೆ ಒಂದೇ ಷರತ್ತು, ದುಡ್ಡು ಬೇಡ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನಂತೂ 2025ರ ಕೇಂದ್ರ ಕಾನೂನು ನಿಷೇಧಿಸಿದೆ.

ಗುಂಪಿನಾಟ ಬೇಡ ಅನ್ನುವ ಹಿರಿಯರ ಕಿವಿಯನ್ನು ಮೊದಲು ಪರೀಕ್ಷೆ ಮಾಡಿಸಿ. ಎಷ್ಟೋ ಸಲ ಅವರಿಗೆ ಬೇಡವಾಗಿರುವುದು ಜನ ಅಲ್ಲ, ಪದೇ ಪದೇ "ಏನಂದ್ರಿ?" ಅಂತ ಕೇಳುವ ಮುಜುಗರ. 2023ರಲ್ಲಿ ಬಂದ ಒಂದು ಪ್ರಯೋಗದಲ್ಲಿ ಕಿವಿ ಮಂದವಾದ 977 ಹಿರಿಯರನ್ನು ಮೂರು ವರ್ಷ ನೋಡಿದರು. ಎಲ್ಲರನ್ನೂ ಸೇರಿಸಿ ನೋಡಿದಾಗ ಶ್ರವಣ ಯಂತ್ರದಿಂದ ವ್ಯತ್ಯಾಸವಾಗಲಿಲ್ಲ. ಮೊದಲೇ ಹೆಚ್ಚಿನ ಅಪಾಯ ಇದ್ದವರಲ್ಲಿ ಮಾತ್ರ ನೆನಪು, ಯೋಚನಾ ಶಕ್ತಿಯ ಇಳಿಕೆ ಶೇ 48ರಷ್ಟು ನಿಧಾನವಾಗಿತ್ತು. ಕಣ್ಣಿನ ಪೊರೆಗೂ ಇದೇ ಮಾತು. ಕಾಣದ ಎಲೆ ಹಿಡಿದು ಯಾರು ಆಡುತ್ತಾರೆ?

ಹಾಡು ಮತ್ತು ಕುಣಿತ

ರೇಡಿಯೊದಲ್ಲಿ ಹಾಡು ಕೇಳುವುದು ಮನಸ್ಸಿಗೆ ಹಿತ. ಹಾಡುವುದು ಬೇರೆಯೇ ಕೆಲಸ. ಸಾಹಿತ್ಯ ನೆನಪಿರಬೇಕು, ತಾಳ ತಪ್ಪಬಾರದು, ಪಕ್ಕದವರ ಶ್ರುತಿಗೆ ಸೇರಬೇಕು. ಭಜನಾ ಮಂಡಳಿಗೆ ಹೋಗುವವರಿಗೆ ಇದು ವಾರವಾರ ಪುಕ್ಕಟೆ ಸಿಗುತ್ತದೆ. ಇಪ್ಪತ್ತು ವರ್ಷದಿಂದ ಹಾಡಿದ್ದನ್ನೇ ಹಾಡುತ್ತಿದ್ದರೆ ತಿಂಗಳಿಗೊಂದು ಹೊಸ ದೇವರನಾಮವನ್ನು ಪುಸ್ತಕ ಮುಚ್ಚಿ ಹಾಡುವ ನಿಯಮ ಮಾಡಿಕೊಳ್ಳಿ.

ಹಾರ್ಮೋನಿಯಂ, ಕೊಳಲು, ಕೀಬೋರ್ಡ್ ಕಲಿಯಬಹುದು. ಗುರುಗಳ ಮುಂದೆ ಕೂತು ಕಲಿತರೆ ಮೇಲು, ವಿಡಿಯೊ ನೋಡಿ ಕಲಿತರೆ ಬಹಳ ಜನ ಅರ್ಧಕ್ಕೇ ಬಿಡುತ್ತಾರೆ.

ನೃತ್ಯದ ವಿಷಯಕ್ಕೆ ಬಂದರೆ, ಬ್ರಾಂಕ್ಸ್ ಅಧ್ಯಯನದಲ್ಲಿ ದೈಹಿಕ ಚಟುವಟಿಕೆಗಳಲ್ಲಿ ಲಾಭ ಕಂಡಿದ್ದು ಇದೊಂದರಲ್ಲೇ. ಆದರೂ ಅದನ್ನೇ ದೊಡ್ಡದು ಮಾಡಬಾರದು. ಜರ್ಮನಿಯ ಮಾಗ್ಡೆಬರ್ಗ್‌ನಲ್ಲಿ ಹಿರಿಯರ ಒಂದು ಗುಂಪಿಗೆ 18 ತಿಂಗಳು ಹೊಸಹೊಸ ಹೆಜ್ಜೆಗಳ ನೃತ್ಯ, ಇನ್ನೊಂದಕ್ಕೆ ಸಾಮಾನ್ಯ ವ್ಯಾಯಾಮ ಕಲಿಸಿದರು. ಹಿಪೊಕ್ಯಾಂಪಸ್ ಎರಡೂ ಗುಂಪಿನಲ್ಲಿ ಬೆಳೆಯಿತು, ದೇಹದ ಸಮತೋಲ ಮಾತ್ರ ನೃತ್ಯದವರಲ್ಲಿ ಸುಧಾರಿಸಿತು. ನಮ್ಮಲ್ಲಿ ಕೋಲಾಟ ಇದೆಯಲ್ಲ! ಹೆಜ್ಜೆ, ತಾಳ, ಎದುರಿನವರ ಕೋಲು, ಸುತ್ತು ಬದಲಾಗುವ ಕ್ಷಣ, ಎಲ್ಲ ಒಟ್ಟಿಗೆ. ನಾನು ಮೇಲೆ ಹೇಳಿದ ಮೂರೂ ಗುಣ ಇರುವ ಆಟ ಇದು. ಮಂಡಿ ನೋವಿದ್ದವರು ನಿಂತಲ್ಲೇ ಹೊಡೆಯಲಿ. ಗಂಡಸರು ನಾಚಿಕೊಳ್ಳುತ್ತಾರೆ ಅನ್ನುವುದೊಂದೇ ತೊಡಕು.

ಹಳೆಯ ಹವ್ಯಾಸವೋ, ಹೊಸ ವಿದ್ಯೆಯೋ

ಅಮೆರಿಕದ ಡಲ್ಲಾಸ್‌ನಲ್ಲಿ 2014ರಲ್ಲಿ ಪ್ರಕಟವಾದ ಪ್ರಯೋಗ ಒಂದಿದೆ. 60ರಿಂದ 90 ವರ್ಷದ 221 ಜನ. ಕೆಲವರಿಗೆ ಡಿಜಿಟಲ್ ಫೋಟೊಗ್ರಫಿ, ಕೆಲವರಿಗೆ ಕೌದಿ ಹೊಲಿಗೆ, ಕೆಲವರಿಗೆ ಎರಡೂ. ಇನ್ನೊಂದು ಗುಂಪು ಸೇರಿ ಹರಟೆ, ಪ್ರವಾಸ ಅಂತ ಸಮಯ ಕಳೆಯಿತು, ಮತ್ತೊಂದು ಮನೆಯಲ್ಲೇ ಸುಲಭದ ಕೆಲಸ ಮಾಡಿತು. ವಾರಕ್ಕೆ ಸುಮಾರು 15 ಗಂಟೆಯಂತೆ ಮೂರು ತಿಂಗಳು. ಹೊಸದು ಕಲಿತವರಲ್ಲಿ, ಅದರಲ್ಲೂ ಫೋಟೊಗ್ರಫಿಯವರಲ್ಲಿ, ನೆನಪು ಸುಧಾರಿಸಿತು. ಬರೀ ಹರಟೆಯ ಗುಂಪಿನಲ್ಲಿ ಅಷ್ಟಾಗಲಿಲ್ಲ.

ಹಾಗಂತ ನಲವತ್ತು ವರ್ಷದ ಹೂಗಿಡದ ಹುಚ್ಚು ಬಿಟ್ಟು ಕ್ಯಾಮೆರಾ ಹಿಡಿಯಬೇಕಿಲ್ಲ. ಹಳೆಯದರೊಳಗೇ ಹೊಸದು ಹುಡುಕಬಹುದು. ಗುಲಾಬಿ ಬೆಳೆಸಿದವರು ಕಸಿ ಕಟ್ಟಲು ಕಲಿಯಲಿ. ಚುಕ್ಕಿ ರಂಗೋಲಿ ಹಾಕುವವರು ಬರೆದಿಟ್ಟುಕೊಳ್ಳದೆ ಹೊಸ ಎಳೆ ರಂಗೋಲಿ ಕಲಿಯಲಿ. ಫೋನಿನ ಕ್ಯಾಮೆರಾ ಅಂತೂ ಕೈಯಲ್ಲೇ ಇದೆ.

ಹೊಸ ಭಾಷೆ ಕಲಿಯಲೇ ಅಂತ ಕೆಲವರು ಕೇಳುತ್ತಾರೆ. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣಾ ಅಲ್ಲಾಡಿ ಮತ್ತು ಜೊತೆಗಾರರು ಹೈದರಾಬಾದಿನಲ್ಲಿ 648 ಡಿಮೆನ್ಷಿಯಾ ರೋಗಿಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದ ಕೆಲಸ ಜಗತ್ತಿನ ಗಮನ ಸೆಳೆಯಿತು. ಎರಡು ಭಾಷೆ ಆಡುವವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿತ್ತು. ಶಾಲೆಗೆ ಹೋಗದವರಲ್ಲೂ ಹಾಗೇ ಇತ್ತು. ಮೂರನೆಯ ಭಾಷೆಯಿಂದ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಆದರೆ ಅವರೆಲ್ಲ ಬಾಳುವೆಯುದ್ದಕ್ಕೂ ಎರಡು ಭಾಷೆ ಬಳಸಿದವರು. ಅರವತ್ತೈದಕ್ಕೆ ಫ್ರೆಂಚ್ ಶುರು ಮಾಡಿದವರಿಗೆ ಇದೇ ಅಂಕಿ ಹಚ್ಚುವಂತಿಲ್ಲ. ಮನೆಯಲ್ಲಿ ತುಳು, ಕೊಂಕಣಿ ಇಲ್ಲವೇ ತೆಲುಗು, ಹೊರಗೆ ಕನ್ನಡ ಅನ್ನುವವರು ಎರಡನ್ನೂ ಬಿಡದೆ ಆಡಿ. ಮೊಮ್ಮಕ್ಕಳ ಜೊತೆಗೂ ಆಡಿ.

ಟಿವಿ, ಫೋನು, ಪುಸ್ತಕ

ಇಂಗ್ಲೆಂಡಿನಲ್ಲಿ 50 ದಾಟಿದ 3,662 ಜನರ ಮೇಲೆ ನಡೆದ ಅಧ್ಯಯನ 2019ರಲ್ಲಿ ಬಂತು. ದಿನಕ್ಕೆ ಮೂರೂವರೆ ಗಂಟೆಗಿಂತ ಜಾಸ್ತಿ ಟಿವಿ ನೋಡುವವರಲ್ಲಿ ಆರು ವರ್ಷದ ಮೇಲೆ ಪದಗಳ ನೆನಪು ಹೆಚ್ಚು ಕುಸಿದಿತ್ತು. ಸಂಜೆ ಆರರಿಂದ ಹತ್ತರ ತನಕ ಸಾಲುಸಾಲು ಧಾರಾವಾಹಿ ನೋಡುವ ಮನೆಗಳಲ್ಲಿ ಮೂರೂವರೆ ಗಂಟೆ ಯಾವ ಲೆಕ್ಕ! ಕುತೂಹಲದ ವಿಷಯ ಅಂದರೆ, 2022ರ ಇನ್ನೊಂದು ಬ್ರಿಟಿಷ್ ಲೆಕ್ಕದಲ್ಲಿ ಟಿವಿ ಮುಂದೆ ಕೂರುವುದಕ್ಕೆ ಡಿಮೆನ್ಷಿಯಾದ ನಂಟು ಕಂಡರೆ, ಕಂಪ್ಯೂಟರ್ ಮುಂದೆ ಕೂರುವವರಲ್ಲಿ ಅಪಾಯ ಕಡಿಮೆಯಿತ್ತು. ಎರಡೂ ಕೂರುವುದೇ. ಕೂತು ತಲೆ ಏನು ಮಾಡುತ್ತಿದೆ ಅನ್ನುವುದರಲ್ಲಿ ವ್ಯತ್ಯಾಸ ಇದ್ದೀತು.

ಅದೇ ಫೋನಿನಲ್ಲಿ ಫಾರ್ವರ್ಡ್ ತಳ್ಳುತ್ತಾ ಕೂತರೆ ಅದು ಟಿವಿಯೇ. ಊರಿನ ಹಳೆಯ ನೆನಪನ್ನು ಕನ್ನಡದಲ್ಲಿ ಟೈಪ್ ಮಾಡಿ ತಮ್ಮನಿಗೆ ಕಳಿಸಿದರೆ ಅದು ಬರವಣಿಗೆ. ಪುಸ್ತಕಕ್ಕೆ ದುಡ್ಡು ಬೇಡ. ಹಳ್ಳಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಹೋಗಿ ನೋಡಿ. ಕಣ್ಣಿಗೆ ಆಗದಿದ್ದರೆ ಇನ್ನೊಬ್ಬರಿಗೆ ಓದಿಸಿ ಕೇಳಿ, ಕೇಳಿದ್ದನ್ನು ಮಾತಾಡಿ.

ಅಮ್ಮನ ಬಿಡುವು

ಈಗ ಮೊದಲೇ ಹೇಳಿದ ಮಾತಿಗೆ ಬರುತ್ತೇನೆ. ಅಪ್ಪನಿಗೆ ನಿವೃತ್ತಿ ಆಯಿತು. ಅಮ್ಮನಿಗೆ? ಅವರ ತಿಂಡಿ ಹತ್ತು ಗಂಟೆಗೆ, ಆಮೇಲೆ ಅಡುಗೆ, ಆಮೇಲೆ ಮೊಮ್ಮಗುವಿನ ಸ್ನಾನ. "ಅಮ್ಮ ಯಾವಾಗಲೂ ಏನಾದರೂ ಮಾಡ್ತಾನೇ ಇರ್ತಾರೆ, ಅವರಿಗೇನೂ ಬೇಡ" ಅಂತ ಮಕ್ಕಳು ಸಮಾಧಾನ ಮಾಡಿಕೊಳ್ಳುತ್ತಾರೆ. ಬ್ರಾಂಕ್ಸ್ ಅಧ್ಯಯನದ ದೈಹಿಕ ಚಟುವಟಿಕೆಯ ಪಟ್ಟಿಯಲ್ಲಿ ಮನೆಗೆಲಸವೂ ಇತ್ತು, ಮಕ್ಕಳನ್ನು ನೋಡಿಕೊಳ್ಳುವುದೂ ಇತ್ತು. ಎರಡರಲ್ಲೂ ಲಾಭ ಕಾಣಲಿಲ್ಲ.

ಬಾಣಂತನಕ್ಕೆ, ಮಗು ನೋಡಿಕೊಳ್ಳಲಿಕ್ಕೆ ಅಂತ ಆರು ತಿಂಗಳು ಅಮೆರಿಕಕ್ಕೆ ಹೋಗುವ ನಮ್ಮ ತಾಯಂದಿರ ವಿಷಯದಲ್ಲಿ ಇದು ನನಗೆ ಮುಖ್ಯ ಅನ್ನಿಸುತ್ತದೆ. ಅಲ್ಲಿ ಕಾರಿಲ್ಲದೆ ಹೊರಗೆ ಕಾಲಿಡಲಾಗದ ಬಡಾವಣೆ. ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ಮಾತಿಗೆ ಸಿಗುವುದು ಮಗು ಒಂದೇ. ಊರಲ್ಲಿದ್ದ ಭಜನೆ, ಹೂವಿನವಳ ಜೊತೆ ಚೌಕಾಸಿ, ಪಕ್ಕದ ಮನೆಯವರ ಜೊತೆ ಸಂಜೆ ನಡಿಗೆ, ಎಲ್ಲ ಒಮ್ಮೆಗೇ ಕಡಿದುಹೋಗುತ್ತದೆ. ಅವರಿಗೆ ಟ್ಯಾಬ್ಲೆಟ್ ಕೊಡಿಸುವ ಬದಲು ವಾರಕ್ಕೆರಡು ದಿನ ಮಗುವನ್ನು ನೀವು ನೋಡಿಕೊಳ್ಳಿ. ಕನ್ನಡ ಕೂಟದವರ ಮನೆಗೋ, ಹತ್ತಿರದ ಸಾರ್ವಜನಿಕ ಗ್ರಂಥಾಲಯಕ್ಕೋ, ದೇವಸ್ಥಾನಕ್ಕೋ ಬಿಟ್ಟು ಬನ್ನಿ. ಊರಿನ ಭಜನಾ ಮಂಡಳಿಗೆ ವಿಡಿಯೊದಲ್ಲಿ ಸೇರಲು ಸಮಯದ ವ್ಯತ್ಯಾಸ ನೋಡಿ ವ್ಯವಸ್ಥೆ ಮಾಡಿ.

ಇಲ್ಲೇ ಇರುವ ಅಮ್ಮಂದಿರಿಗೂ ಬೇಕಾದ್ದು ಹೊಸ ಹವ್ಯಾಸಕ್ಕಿಂತ ಮೊದಲು ಸಮಯ. ಸಂಜೆ ಐದರಿಂದ ಆರೂವರೆ ಅಡುಗೆಮನೆಗೆ ಯಾರೂ ಅವರನ್ನು ಕರೆಯಬಾರದು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ಸು ಉಚಿತವಾದ ಮೇಲೆ ಗೆಳತಿಯರ ಜೊತೆ ಊರೂರು ಸುತ್ತುವ ಅಜ್ಜಿಯರನ್ನು ನೋಡಿ ನಗುವವರಿದ್ದಾರೆ. ಬಸ್ ಹುಡುಕಿ, ದಾರಿ ಕೇಳಿ, ಹೊಸ ಊರು ನೋಡಿ, ಜನರ ಜೊತೆ ಮಾತಾಡಿ ಬರುವುದು ಸುಡೊಕುಗಿಂತ ಯಾವ ರೀತಿಯಲ್ಲೂ ಕಡಿಮೆಯಲ್ಲ.

ನಿಮ್ಮ ಮನೆಗೆ ಯಾವುದು?

ಒಬ್ಬರೇ ಇರುವವರಿಗೆ ಮೊದಲು ಜನ ಬೇಕು, ಯಾವ ಆಟ ಅನ್ನುವುದು ಆಮೇಲೆ. ಬರದಿದ್ದರೆ ಫೋನ್ ಮಾಡಿ ಕೇಳುವ ಗುಂಪನ್ನು ಆರಿಸಿ. ಮಂಡಿ ಸವೆದವರಿಗೆ ಕುರ್ಚಿಯ ವ್ಯಾಯಾಮದ ಜೊತೆ ಅಳಗುಳಿಮಣೆ, ಸಂಗೀತ. ಜನ ಅಂದರೆ ಆಗದವರನ್ನು ನಗೆಕೂಟಕ್ಕೆ ಎಳೆಯಬೇಡಿ. ಒಬ್ಬ ಗೆಳೆಯನ ಜೊತೆ ಚದುರಂಗ ಸಾಕು. ಆಗಲೇ ವಾಕಿಂಗ್ ಮಾಡುತ್ತಿದ್ದು ಪದಬಂಧವೂ ಬೇಸರ ಬಂದವರು ಗುರುಗಳನ್ನು ಹುಡುಕಲಿ, ಏನಾದರೂ ಕಲಿಯಲಿ. ದುಡ್ಡು ಖರ್ಚು ಮಾಡಲೇಬೇಕು ಅನ್ನುವ ಮಕ್ಕಳಿಗೆ ನನ್ನ ಸಲಹೆ ಇದು: ಮೊದಲು ಕಿವಿ, ಕಣ್ಣು, ಆಮೇಲೆ ಶೂ, ಆಮೇಲೆ ಮೇಷ್ಟ್ರ ಫೀಸು. ಆ್ಯಪ್ ಚಂದಾ ಕೊನೆಗೆ.

ಕೆಲವು ಸಂಗತಿಗಳು ಮಾತ್ರ ಹವ್ಯಾಸದಿಂದ ಸರಿಹೋಗುವಂಥವಲ್ಲ. ಗೊತ್ತಿರುವ ದಾರಿ ತಪ್ಪುವುದು, ದುಡ್ಡಿನ ಲೆಕ್ಕ ಹೊಸದಾಗಿ ತಪ್ಪುವುದು, ಕೇಳಿದ ಪ್ರಶ್ನೆಯನ್ನೇ ಹತ್ತು ನಿಮಿಷದಲ್ಲಿ ಮತ್ತೆ ಕೇಳುವುದು, ಸ್ವಭಾವ ಬದಲಾಗುವುದು ಕಂಡರೆ ಡಾಕ್ಟರ ಹತ್ತಿರ ಹೋಗಿ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ ಕೂಡ ಮರೆವು ತರುತ್ತವೆ, ಅವಕ್ಕೆ ಚಿಕಿತ್ಸೆ ಇದೆ. ಸಸ್ಯಾಹಾರಿಗಳ ಮನೆಗಳಲ್ಲಿ ಬಿ12 ಪರೀಕ್ಷೆ ಮರೆಯಬೇಡಿ. ಹಿರಿಯರ ಸಹಾಯವಾಣಿ 14567, ಮನಸ್ಸಿನ ಆರೋಗ್ಯಕ್ಕೆ ಟೆಲಿ ಮಾನಸ್ 14416, ಎರಡೂ ಉಚಿತ.

ಡಿಮೆನ್ಷಿಯಾ ಇದೆ ಎಂದು ಈಗಾಗಲೇ ಗೊತ್ತಾದವರ ಮನೆಯಲ್ಲಿ ನಿಯಮ ತಿರುಗಿಹೋಗುತ್ತದೆ. ಅಲ್ಲಿ ಹೊಸದು ಕಲಿಸುವ ಹಟ ಬೇಡ, ಗೆಲ್ಲಬೇಕಾದ ಆಟವೂ ಬೇಡ. ಅವರಿಗೆ ಗೊತ್ತಿರುವ ಹಾಡು, ಬಟಾಣಿ ಬಿಡಿಸುವುದು, ಹೂ ಕಟ್ಟುವುದು, ಬಟ್ಟೆ ಮಡಿಸುವುದು ಸಾಕು. ಬಂದ ನೆಂಟರೆಲ್ಲ ಎದುರಿಗೆ ಕೂತು "ನಾನ್ಯಾರು ಹೇಳಿ ನೋಡೋಣ" ಅಂತ ಪರೀಕ್ಷೆ ಮಾಡುವುದನ್ನು ಮೊದಲು ನಿಲ್ಲಿಸಿ. "ನಾನು ನಿಮ್ಮ ತಂಗಿ ಮಗ, ಶಿವಮೊಗ್ಗದಿಂದ ಬಂದೆ" ಅಂತ ಹೆಸರು, ಊರು ಹೇಳಿಕೊಂಡೇ ಮಾತು ಶುರು ಮಾಡಲಿ.